ಭಾಗವಂತಿಯನ್ನು ಮೆಚ್ಚಿಕೊಂಡವರು: ‘ಹಮ್ ಲೋಗ್’ ಪ್ರೇಕ್ಷಕರ ಬಗ್ಗೆ ನಾಲ್ಕು ದಶಕಗಳ ವಾದ

‘ಹಮ್ ಲೋಗ್’ ಧಾರಾವಾಹಿ ದೂರದರ್ಶನದಲ್ಲಿ ಶುರುವಾದದ್ದು 1984ರ ಜುಲೈ 7ರಂದು, ಮುಗಿದದ್ದು 1985ರ ಡಿಸೆಂಬರ್ 17ರಂದು. ಅದರಲ್ಲಿ ಭಾಗವಂತಿ ಎಂಬ ತಾಯಿಯೊಬ್ಬಳಿದ್ದಳು. ಗಂಡ ಕುಡುಕ, ಅತ್ತೆಯ ಬಾಯಿ ಜೋರು, ಮನೆ ತುಂಬ ಬೆಳೆದ ಮಕ್ಕಳು. ಎಲ್ಲವನ್ನೂ ನುಂಗಿಕೊಂಡು ಒಲೆಯ ಮುಂದೆಯೇ ಸವೆಯುವ ಹೆಂಗಸು. ಹೆಣ್ಣು ಹೀಗೆ ಬದುಕಬಾರದು ಎಂದು ನೋಡುವವರಿಗೆ ಅನ್ನಿಸಲಿ ಎಂದೇ ಆ ಪಾತ್ರವನ್ನು ಅಲ್ಲಿಟ್ಟಿದ್ದರು. ಧಾರಾವಾಹಿ ಮುಗಿದ ಮೇಲೆ ಸಂಶೋಧಕರು ಹೋಗಿ ಕೇಳಿದಾಗ ಮಾತ್ರ ಅನೇಕರು ಆಕೆಯನ್ನೇ ಮಾದರಿ ಹೆಣ್ಣು ಎಂದರು. ಹಾಗೆಂದವರಲ್ಲಿ ಹೆಂಗಸರೇ ಹೆಚ್ಚು.

ಭಾರತದ ಮೊದಲ ದೊಡ್ಡ ಟಿವಿ ಧಾರಾವಾಹಿಯ ಬಗ್ಗೆ ಬಂದ ಬರಹವೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಈ ಉತ್ತರಕ್ಕೆ ಬಂದು ಡಿಕ್ಕಿ ಹೊಡೆಯುತ್ತದೆ. ಪ್ರೇಕ್ಷಕರು ತಪ್ಪು ಓದಿದರೇ? ಕೇಳಿದ ಪ್ರಶ್ನೆಯೇ ತಪ್ಪಿತ್ತೇ? ಅಥವಾ ಕಥೆಯಿಂದ ಜನ ಕಲಿಯುತ್ತಾರೆ ಎಂಬ ನಂಬಿಕೆಯೇ ಪೊಳ್ಳೇ? ಸಂವಹನಶಾಸ್ತ್ರ, ಮಾನವಶಾಸ್ತ್ರ, ಸ್ತ್ರೀವಾದ, ಕೊನೆಗೆ ಅರ್ಥಶಾಸ್ತ್ರ ಕೂಡ ಈ ವಾದಕ್ಕೆ ಕೈಹಾಕಿವೆ.

ಮೆಕ್ಸಿಕೋದಿಂದ ದೂರದರ್ಶನದ ಮಂಡಿ ಹೌಸ್‌ಗೆ

ಟಿವಿಯನ್ನು ಜನರಿಗೆ ಪಾಠ ಹೇಳುವ ಯಂತ್ರವಾಗಿ ನೋಡುವುದು ನಮ್ಮ ಸರ್ಕಾರಕ್ಕೆ ಹಳೆಯ ಅಭ್ಯಾಸ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟಿವಿ ಕೊಟ್ಟಿದ್ದರು. ಕರ್ನಾಟಕದ ಉತ್ತರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಅದರ ವಿಷಯಗಳಾಗಿದ್ದವು. 1982ರಲ್ಲಿ ರಾಷ್ಟ್ರೀಯ ಪ್ರಸಾರ ಮತ್ತು ಬಣ್ಣ ಬಂದವು. 1984ರ ಮಧ್ಯದಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಸಣ್ಣ ಪ್ರಸಾರ ಕೇಂದ್ರಗಳು ತೆರೆದವು. ಟವರು ಎದ್ದಿತು, ಅದರಲ್ಲಿ ಏನು ಕಳಿಸಬೇಕು ಎಂಬ ಪ್ರಶ್ನೆ ಉಳಿಯಿತು.

ಉತ್ತರ ಮೆಕ್ಸಿಕೋದಿಂದ ಬಂತು. ಅಲ್ಲಿ ಮಿಗೆಲ್ ಸಬಿದೋ ಎಂಬ ನಿರ್ಮಾಪಕ 1975ರಲ್ಲಿ ವಯಸ್ಕರ ಶಿಕ್ಷಣಕ್ಕಾಗಿ, 1977ರಲ್ಲಿ ಕುಟುಂಬ ಯೋಜನೆಗಾಗಿ ಧಾರಾವಾಹಿ ಮಾಡಿ ಹೆಸರು ಗಳಿಸಿದ್ದ. ಜನ ತಮಗಿಷ್ಟವಾದವರನ್ನು ನೋಡಿ ನಡೆ ಕಲಿಯುತ್ತಾರೆ ಎಂಬ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರ ಸಿದ್ಧಾಂತವನ್ನು ಅವನು ಕಥೆ ಕಟ್ಟುವ ಸೂತ್ರವಾಗಿ ಮಾಡಿಕೊಂಡಿದ್ದ. ಒಳ್ಳೆಯ ನಡೆಯ ಪಾತ್ರ ಒಂದು, ಕೆಟ್ಟ ನಡೆಯ ಪಾತ್ರ ಇನ್ನೊಂದು, ನಡುವೆ ತೂಗಾಡಿ ಕೊನೆಗೆ ಬದಲಾಗುವ ಮೂರನೆಯದು. ಒಳ್ಳೆಯವರಿಗೆ ಒಳಿತು, ಕೆಟ್ಟವರಿಗೆ ಕೇಡು. ಕಂತಿನ ಕೊನೆಗೆ ಹಿರಿಯರೊಬ್ಬರ ನಾಲ್ಕು ಮಾತು. ನಮ್ಮ ಹರಿಕಥೆಯ ದಾಸರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಕೇಂದ್ರ ವಾರ್ತಾ ಇಲಾಖೆಯ ಕಾರ್ಯದರ್ಶಿಯಾಗಿದ್ದ ಎಸ್.ಎಸ್. ಗಿಲ್ 1983ರಲ್ಲಿ ಮೆಕ್ಸಿಕೋಗೆ ಹೋಗಿ ಇದನ್ನು ಕಣ್ಣಾರೆ ಕಂಡು ಬಂದರು. ಬರೆಯುವ ಕೆಲಸ ಹಿಂದಿ ಸಾಹಿತಿ, ಪತ್ರಕರ್ತ ಮನೋಹರ ಶ್ಯಾಮ್ ಜೋಶಿ ಅವರ ಪಾಲಿಗೆ ಬಂತು. ನಿರ್ದೇಶನ ಪಿ. ಕುಮಾರ್ ವಾಸುದೇವ್ ಅವರದು. ಕೊನೆಯ ನಾಲ್ಕು ಮಾತಿಗೆ ನಟ ಅಶೋಕ್ ಕುಮಾರ್ ಸಿಕ್ಕಿದರು.

ಸಬಿದೋ ಸೂತ್ರ ಇಲ್ಲಿ ಹದಿಮೂರು ಕಂತು ಬಾಳಿತು. ಕುಟುಂಬ ಯೋಜನೆಯ ಉಪದೇಶಕ್ಕೆ ಜನ ಬೇಸತ್ತರು. ಜೋಶಿ ಉಪದೇಶವನ್ನು ತಗ್ಗಿಸಿ, ಮನೆ, ಮದುವೆ, ಕೆಲಸವಿಲ್ಲದ ಮಗ, ಸಿನಿಮಾ ಹುಚ್ಚಿನ ಮಗಳು ಇವರ ಕಡೆಗೆ ಕಥೆ ತಿರುಗಿಸಿದರು. ಧಾರಾವಾಹಿ ಗೆದ್ದಿತು. ಪ್ರೇಕ್ಷಕರ ಅಭಿಪ್ರಾಯಕ್ಕೆ ಮಣಿದದ್ದರಿಂದಲೇ ‘ಹಮ್ ಲೋಗ್’ ಉಳಿಯಿತು. ಆದರೆ ಮಣಿದ ಮೇಲೆ ಅದು ಯಾವ ಪ್ರಯೋಗವಾಗಿ ಉಳಿಯಿತು ಎಂಬುದೇ ಮುಂದಿನ ತಕರಾರಿಗೆಲ್ಲ ಮೂಲ.

ಅಗ್ಗದ ಸೆಟ್ಟು, ಗುರುತಿನ ಮನೆ

ತಾಂತ್ರಿಕವಾಗಿ ಇದು ಬಡ ಧಾರಾವಾಹಿ. ದೆಹಲಿ ಪಕ್ಕದ ಗುರುಗಾಂವ್‌ನ ಸ್ಟುಡಿಯೋದಲ್ಲಿ ಕೆಲವೇ ಕೋಣೆಗಳ ಸೆಟ್ಟು, ಅದೇ ಮಂಚ, ಅದೇ ಅಂಗಳ, ಚಪ್ಪಟೆ ಬೆಳಕು. ನಟರಲ್ಲಿ ಬಹುಪಾಲು ದೆಹಲಿಯ ರಂಗಭೂಮಿಯವರು, ಮನೆಮಾತಾಗಿದ್ದವರಲ್ಲ. ಹಿರಿಯ ಮಗಳು ಬಡ್ಕಿಯಾಗಿ ಸೀಮಾ ಭಾರ್ಗವ (ಮುಂದೆ ಸೀಮಾ ಪಾಹ್ವಾ), ನಡುವಿನ ಮಗಳು ಮಝ್ಲಿಯಾಗಿ ದಿವ್ಯಾ ಸೇಠ್, ಕುಡುಕ ಅಪ್ಪ ಬಸೇಸರ್ ರಾಮ್ ಆಗಿ ವಿನೋದ್ ನಾಗಪಾಲ್, ಅಜ್ಜಿಯಾಗಿ ಸುಷ್ಮಾ ಸೇಠ್, ಭಾಗವಂತಿಯಾಗಿ ಜಯಶ್ರೀ ಅರೋರಾ.

ಈ ಬಡತನವನ್ನು ಆಗ ಕೆಲವರು ಆಡಿಕೊಂಡರು, ಈಗ ಕೆಲವರು ಹೊಗಳುತ್ತಾರೆ. ಇದು ಪ್ರೇಕ್ಷಕರ ಅನುಭವದ ಭಾಗವೇ ಆಗಿತ್ತು ಎಂದು ನನಗನ್ನಿಸುತ್ತದೆ. ಹಿಂದಿ ಸಿನಿಮಾದ ಬಂಗಲೆ ನೋಡಿ ಅಭ್ಯಾಸವಾದ ಕಣ್ಣಿಗೆ ಬಣ್ಣ ಕಿತ್ತ ಗೋಡೆ ಹೊಸದಾಗಿತ್ತು. ಮುಖ ಪರಿಚಯವಿಲ್ಲದ ನಟಿ ಸುಲಭವಾಗಿ ಪಕ್ಕದ ಮನೆಯ ಹುಡುಗಿಯಾಗುತ್ತಿದ್ದಳು. ಬಡ್ಕಿಯ ಮದುವೆಯ ಕಂತಿನ ದಿನ ಉತ್ತರ ಭಾರತದ ಪೇಟೆಗಳಲ್ಲಿ ಅಂಗಡಿಗಳು ಬೇಗ ಬಾಗಿಲು ಹಾಕಿದವು, ಶುಭಾಶಯದ ತಂತಿಗಳು, ಉಡುಗೊರೆಗಳು ಬಂದವು ಎಂಬುದು ಈಗ ದಂತಕತೆಯಂತೆ ಕೇಳುತ್ತದೆ. ಅಜ್ಜಿಗೆ ಕ್ಯಾನ್ಸರ್ ಬಂದಾಗ ಆಕೆಯನ್ನು ಸಾಯಿಸಬೇಡಿ ಎಂಬ ಒತ್ತಾಯಕ್ಕೆ ಪಾತ್ರವನ್ನು ಲಂಬಿಸಿದರು. ಕಥೆಗೂ ಬದುಕಿಗೂ ವ್ಯತ್ಯಾಸ ತಿಳಿಯದ ಮುಗ್ಧರು ಎಂದು ಇದನ್ನು ನೋಡಿ ನಕ್ಕವರಿದ್ದರು. ಆದರೆ ಉಡುಗೊರೆ ಕಳಿಸಿದವರಿಗೆ ಅದು ನಾಟಕ ಎಂದು ಗೊತ್ತಿರಲಿಲ್ಲ ಎನ್ನಲು ಆಧಾರವೇನು? ಬಯಲಾಟದಲ್ಲಿ ರಾವಣ ಬಿದ್ದಾಗ ಚಪ್ಪಾಳೆ ತಟ್ಟುವವನಿಗೆ ವೇಷದ ಹಿಂದಿನ ಮನುಷ್ಯ ಗೊತ್ತೇ ಇರುತ್ತಾನೆ.

ನಾಲ್ಕು ಲಕ್ಷ ಕಾಗದಗಳು

ಕಂತಿನ ಕೊನೆಗೆ ಅಶೋಕ್ ಕುಮಾರ್ ಅರ್ಧ ನಿಮಿಷದಷ್ಟು ಮಾತಾಡುತ್ತಿದ್ದರು. ಅವರಿಗೆ ಬಂದ ಕಾಗದಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ಬರೆದವರಲ್ಲಿ ಹುಡುಗ ಹುಡುಗಿಯರೇ ಬಹಳ. ತಮಗಿಷ್ಟವಾದವರನ್ನು ಮದುವೆಯಾಗಲು ಅಪ್ಪ ಅಮ್ಮನನ್ನು ನೀವೇ ಒಪ್ಪಿಸಿ ಎಂದು ಕೇಳಿದವರೂ ಇದ್ದರು. ದೂರದರ್ಶನ ಆಗ ದೇಶದ ಏಕೈಕ ಟಿವಿ, ಸರ್ಕಾರದ ಧ್ವನಿ. ಅದರೊಳಗೆ ಕಾಗದ ಬರೆಯಬಹುದಾದ ಒಬ್ಬ ತಾತ ಸಿಕ್ಕಿದ್ದು ದೊಡ್ಡ ಸಂಗತಿಯೇ.

ಅಮೆರಿಕದಲ್ಲಿ ಸಂವಹನಶಾಸ್ತ್ರ ಓದುತ್ತಿದ್ದ ಅರವಿಂದ್ ಸಿಂಘಾಲ್ ಮತ್ತು ಅವರ ಗುರು ಎವೆರೆಟ್ ರೋಜರ್ಸ್ ಈ ರಾಶಿಯಿಂದ 500 ಕಾಗದಗಳನ್ನು ಆರಿಸಿ ವಿಶ್ಲೇಷಿಸಿದರು. ಜೊತೆಗೆ ದೆಹಲಿ, ಪುಣೆ, ಮದ್ರಾಸ್ ಕಡೆಗಳಲ್ಲಿ 1,170 ವಯಸ್ಕರನ್ನು ಸಂದರ್ಶಿಸಿದರು. ‘ಹಮ್ ಲೋಗ್’ ಕುರಿತ ಇವತ್ತಿನ ಬಹುಪಾಲು ಅಂಕಿಗಳು ಈ ಎರಡು ಮೂಲಗಳಿಂದ ಬಂದವು. ಒಂದು ಕಡೆ ತಾವಾಗಿ ಪೆನ್ನು ಹಿಡಿದ, ಉತ್ಸಾಹ ಉಕ್ಕುವ ಯುವಕರು. ಇನ್ನೊಂದು ಕಡೆ ಧಾರಾವಾಹಿ ಮುಗಿದ ಮೇಲೆ ಯಾರೋ ಬಂದು ಕೇಳಿದ್ದಕ್ಕೆ ಉತ್ತರಿಸಿದ ದೊಡ್ಡವರು. ಬರೆಯಲು ಬಾರದವರು, ಹೊರಗಿನವರ ಮುಂದೆ ಮಾತಾಡದವರು, ಕಿಟಕಿಯಾಚೆ ನಿಂತು ಅರ್ಧ ಕಂತು ನೋಡಿದವರು ಎರಡರಲ್ಲೂ ಸಿಗುವುದು ಕಷ್ಟ. ಧಾರಾವಾಹಿಗೆ ಸರಾಸರಿ 5 ಕೋಟಿ ಪ್ರೇಕ್ಷಕರಿದ್ದರೆಂದು ಹೇಳುತ್ತಾರೆ. ಟಿವಿ ಅಷ್ಟು ವಿರಳವಾಗಿದ್ದ ಕಾಲದಲ್ಲಿ ಈ ಐದು ಕೋಟಿಯಲ್ಲಿ ಬಹಳಷ್ಟು ಜನ ಪರರ ಮನೆಯ ನೆಲದ ಮೇಲೆ ಕೂತು ನೋಡಿದವರು. ಸ್ವಂತ ಸೋಫಾದಲ್ಲಿ ಕೂತವನ ಅಭಿಪ್ರಾಯಕ್ಕೂ ನೆಲದ ಮೇಲೆ ಕೂತವನ ಅಭಿಪ್ರಾಯಕ್ಕೂ ಅಂತರವಿತ್ತೇ ಎಂದು ಈ ಎರಡು ಮೂಲಗಳಿಂದ ತಿಳಿಯುವುದಿಲ್ಲ.

ಪ್ರಭಾವವನ್ನು ಅಳೆದವರು

ಮೊದಲ ಪಂಥ ಇದೇ ಸಿಂಘಾಲ್, ರೋಜರ್ಸ್ ಅವರದು. ಮನರಂಜನೆಯ ಒಳಗೆ ಶಿಕ್ಷಣವನ್ನು ಇಟ್ಟರೆ ಅದು ತಲುಪುತ್ತದೆ ಎಂಬುದು ಇವರ ನಿಲುವು. ಸಂದರ್ಶನ ಕೊಟ್ಟವರಲ್ಲಿ ಶೇ 70ರಷ್ಟು ಜನ ಹೆಣ್ಣಿನ ಸಮಾನತೆಯ ಬಗ್ಗೆ, ಶೇ 71ರಷ್ಟು ಜನ ಚಿಕ್ಕ ಕುಟುಂಬದ ಬಗ್ಗೆ ಧಾರಾವಾಹಿಯಿಂದ ಕಲಿತೆವು ಎಂದರು. ಪೊಲೀಸ್ ಅಧಿಕಾರಿಯೊಬ್ಬ ದೃಷ್ಟಿ ಕಳೆದುಕೊಳ್ಳುವ ಕಥೆ ಬಂದಾಗ ನೇತ್ರದಾನದ ವಾಗ್ದಾನಕ್ಕೆ ಜನ ಮುಂದೆ ಬಂದದ್ದೂ ಇವರ ಕಡತದಲ್ಲಿದೆ.

ಈ ಪಂಥ ವಿವರಿಸುವುದು ಕಡಿಮೆಯೇನಲ್ಲ. ಕಥೆಯಿಂದ ಮಾತು ಹುಟ್ಟುತ್ತದೆ, ಮನೆಯಲ್ಲಿ ಬಾಯಿ ಬಿಡದ ವಿಷಯ ಟಿವಿಯ ನೆಪದಲ್ಲಿ ಊಟದ ಹೊತ್ತಿಗೆ ಬರುತ್ತದೆ ಎಂಬುದನ್ನು ಅದು ತೋರಿಸಿತು. ಆದರೆ ಕಲಿತೆವು ಎನ್ನುವುದು ಬೇರೆ, ಕಲಿಯುವುದು ಬೇರೆ. ಸಮೀಕ್ಷೆಗೆ ಬಂದವರ ಮುಂದೆ ಒಳ್ಳೆಯ ಉತ್ತರ ಯಾವುದು ಎಂದು ಊಹಿಸಲು ನಮ್ಮ ಜನಕ್ಕೆ ಯಾರೂ ಕಲಿಸಬೇಕಿಲ್ಲ.

ಇದೇ ಮನೆತನದ ಒಳಗಿನಿಂದ ಅನುಮಾನವೂ ಎದ್ದಿತು. ವಿಲಿಯಂ ಬ್ರೌನ್ ಮತ್ತು ಮೈಕೆಲ್ ಕೋಡಿ 1991ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಧಾರಾವಾಹಿ ನೋಡುವುದಕ್ಕೂ ಹೆಣ್ಣಿನ ಸ್ಥಾನಮಾನ ಕುರಿತ ನಂಬಿಕೆಗಳಿಗೂ ನಡುವೆ ನೆಟ್ಟಗಿನ ಗೆರೆ ಸಿಗಲಿಲ್ಲ. ಪಾತ್ರದೊಡನೆ ಬೆಳೆದ ನಂಟು, ಮನರಂಜನೆಗೆ ಟಿವಿಯನ್ನೇ ನೆಚ್ಚಿಕೊಂಡದ್ದು ಎಲ್ಲ ಅಡ್ಡ ಬಂದವು. ಅಂದಮೇಲೆ ಯಾರು ಯಾವ ಪಾತ್ರವನ್ನು ಹಚ್ಚಿಕೊಂಡರು ಎಂದು ಕೇಳಲೇಬೇಕಾಯಿತು. ಆ ಪ್ರಶ್ನೆ ನೇರ ಭಾಗವಂತಿಯ ಅಡುಗೆಮನೆಗೆ ಒಯ್ಯುತ್ತದೆ.

ಭಾಗವಂತಿಯ ತೊಡಕು

ಭಾಗವಂತಿಯನ್ನು ಹೀಗೆ ಮೆಚ್ಚಿದ್ದಕ್ಕೆ ಅಮೆರಿಕದ ವಿದ್ವಾಂಸರ ಬಳಿ ಸಿದ್ಧ ಹೋಲಿಕೆಯೊಂದಿತ್ತು. 1971ರಿಂದ ಅಲ್ಲಿ ಬರುತ್ತಿದ್ದ ‘ಆಲ್ ಇನ್ ದ ಫ್ಯಾಮಿಲಿ’ ಹಾಸ್ಯ ಧಾರಾವಾಹಿಯ ಆರ್ಚಿ ಬಂಕರ್ ಜನಾಂಗ ದ್ವೇಷಿ. ಅವನನ್ನು ಲೇವಡಿ ಮಾಡಲೆಂದೇ ಬರೆದ ಪಾತ್ರವದು. 1974ರಲ್ಲಿ ಪ್ರಕಟವಾದ ಅಧ್ಯಯನವೊಂದು ಪೂರ್ವಗ್ರಹವುಳ್ಳ ಪ್ರೇಕ್ಷಕರು ಆರ್ಚಿಯನ್ನು ಮೆಚ್ಚಿಕೊಂಡರೆಂದು ತೋರಿಸಿತು. ಭಾಗವಂತಿಯದೂ ಅದೇ ಕಥೆ ಎಂದು ಪ್ರಭಾವವಾದಿಗಳು ಹೇಳಿದರು: ಪ್ರೇಕ್ಷಕರು ತಮ್ಮ ಹಳೆಯ ನಂಬಿಕೆಗೆ ಹೊಂದುವುದನ್ನು ಮಾತ್ರ ಆರಿಸಿಕೊಂಡರು, ಸಂದೇಶ ತಲೆಕೆಳಗಾಯಿತು.

ಈ ಹೋಲಿಕೆ ನನಗೆ ಒಗ್ಗುವುದಿಲ್ಲ. ಆರ್ಚಿ ಬೇರೆಯವರನ್ನು ನೋಯಿಸುವವನು. ಭಾಗವಂತಿ ನೋವು ತಿನ್ನುವವಳು. ಒಬ್ಬನನ್ನು ಮೆಚ್ಚುವುದರಲ್ಲಿ ದ್ವೇಷವಿದೆ, ಇನ್ನೊಬ್ಬಳನ್ನು ಮೆಚ್ಚುವುದರಲ್ಲಿ ತನ್ನದೇ ಬದುಕಿಗೆ ಬೆಲೆ ಕೇಳುವ ಆಸೆಯಿದೆ. ದಿನವಿಡೀ ದುಡಿದೂ ಯಾರಿಂದಲೂ ಭೇಷ್ ಅನ್ನಿಸಿಕೊಳ್ಳದ ಹೆಂಗಸು ಭಾಗವಂತಿ ಒಳ್ಳೆಯವಳು ಎಂದಾಗ ಹೆಣ್ಣು ಹೀಗೆಯೇ ಇರಬೇಕು ಎಂದಳೇ, ತನ್ನ ತಾಳ್ಮೆಯೂ ಲೆಕ್ಕಕ್ಕೆ ಬರಲಿ ಎಂದಳೇ? ಪ್ರಶ್ನಪತ್ರಿಕೆಯಲ್ಲಿ ಎರಡಕ್ಕೂ ಇರುವುದು ಒಂದೇ ಖಾನೆ. ಜೊತೆಗೆ ಜೋಶಿ ಸಾಹಿತಿ. ಸೂತ್ರಕ್ಕೆ ಬೇಕಾದ ಕೆಟ್ಟ ಮಾದರಿಯನ್ನು ಬರೆಯಲು ಕೂತು, ಮಾತಿನಲ್ಲಿ ಜೀವ ತುಂಬಿ, ಕನಿಕರ ಹುಟ್ಟಿಸುವ ತಾಯಿಯನ್ನು ಬರೆದುಬಿಟ್ಟರು. ಎಚ್ಚರಿಕೆಯ ಫಲಕ ಮನುಷ್ಯಳಾಯಿತು. ಅದನ್ನು ಪ್ರೇಕ್ಷಕರ ತಪ್ಪು ಎನ್ನುವುದಾದರೆ ಲೇಖಕರ ತಪ್ಪು ಎಂದೂ ಒಪ್ಪಬೇಕು.

ಎರಡನೆಯ ಪಂಥವಾದ ಸ್ತ್ರೀವಾದಿ ವಿಮರ್ಶಕರು ಇನ್ನೂ ಹಿಂದಕ್ಕೆ ಹೋದರು. ಪ್ರಭಾ ಕೃಷ್ಣನ್ ಮತ್ತು ಅನಿತಾ ದಿಘೆ 1986ರ ದೂರದರ್ಶನ ಕಾರ್ಯಕ್ರಮಗಳನ್ನು ಜಾಲಾಡಿ 1990ರಲ್ಲಿ ತಂದ ಪುಸ್ತಕದಲ್ಲಿ, ತ್ಯಾಗವೇ ಹೆಣ್ಣಿನ ಗುಣ ಎಂಬ ಚಿತ್ರ ಪರದೆಯ ತುಂಬ ಇತ್ತೆಂದು ತೋರಿಸಿದರು. ಸಂಜೆಯೆಲ್ಲ ತ್ಯಾಗಮಯಿ ತಾಯಂದಿರನ್ನು ಮೆರೆಸಿದ ವಾಹಿನಿ ಒಂದು ಧಾರಾವಾಹಿಯಲ್ಲಿ ಮಾತ್ರ ಅವಳನ್ನು ತಿರಸ್ಕರಿಸಿ ಎಂದರೆ ಪ್ರೇಕ್ಷಕ ಯಾವುದನ್ನು ನಂಬಬೇಕು?

ಮನೆಯೊಳಗೆ ಕೂತು ಕೇಳಿದವರು

ಮೂರನೆಯ ಪಂಥ ಮಾನವಶಾಸ್ತ್ರಜ್ಞರದು. ಧಾರಾವಾಹಿ ಎಂಬುದು ಮಾನವಶಾಸ್ತ್ರಕ್ಕೆ ಎಂಥ ವಸ್ತು ಎಂಬ ಪ್ರಶ್ನೆಯನ್ನು ವೀಣಾ ದಾಸ್ 1995ರ ಪ್ರಬಂಧದಲ್ಲಿ ‘ಹಮ್ ಲೋಗ್’ ಮುಂದಿಟ್ಟುಕೊಂಡೇ ಎತ್ತಿದರು. ಪೂರ್ಣಿಮಾ ಮಂಕೇಕರ್ 1990ರ ದಶಕದ ಆರಂಭದಲ್ಲಿ ದೆಹಲಿಯ ಕೆಳಮಧ್ಯಮ ವರ್ಗದ ಮನೆಗಳಲ್ಲಿ ಹೆಂಗಸರ ಜೊತೆ ಕೂತು ದೂರದರ್ಶನದ ಧಾರಾವಾಹಿಗಳನ್ನು ನೋಡಿ, ಮಾತಾಡಿ, 1999ರಲ್ಲಿ ದೊಡ್ಡ ಪುಸ್ತಕ ತಂದರು. ಅವರಿಗೆ ಕಂಡ ಪ್ರೇಕ್ಷಕಿಯರು ಕಣ್ಣೀರೂ ಹಾಕುತ್ತಿದ್ದರು, ಇದು ಸರ್ಕಾರ ನಮಗೆ ಹೇಳಿಕೊಡಲು ಮಾಡಿದ್ದು ಎಂದು ಗುರುತಿಸಿಯೂ ಇರುತ್ತಿದ್ದರು. ಕಥೆಯಲ್ಲಿ ಮುಳುಗುವುದೂ ಕಥೆಯನ್ನು ಅನುಮಾನಿಸುವುದೂ ಒಬ್ಬಳಲ್ಲೇ, ಒಂದೇ ಸಂಜೆ ನಡೆಯುತ್ತಿತ್ತು.

ಭಾಗವಂತಿಯ ತೊಡಕನ್ನು ಬಿಡಿಸಲು ಈ ನೋಟ ಅಂಕಿಗಳಿಗಿಂತ ಚೆನ್ನಾಗಿ ಒದಗುತ್ತದೆ. ಅತ್ತೆ ಪಕ್ಕದಲ್ಲಿ ಕೂತಾಗ ಸೊಸೆ ಹೇಳುವ ಅಭಿಪ್ರಾಯ ಒಂದು, ಅತ್ತೆ ಎದ್ದು ಹೋದ ಮೇಲೆ ಹೇಳುವುದು ಇನ್ನೊಂದು. ಅಭಿಪ್ರಾಯ ಎಂಬುದು ತಲೆಯೊಳಗೆ ಸಿದ್ಧವಾಗಿ ಕೂತಿರುವುದಿಲ್ಲ, ಯಾರು ಕೇಳುತ್ತಾರೆ ಎಂಬುದರ ಮೇಲೆ ಹುಟ್ಟುತ್ತದೆ. ಕೊರತೆಯೂ ಇದೆ. ಕೆಲವು ಓಣಿಗಳ ಆಪ್ತ ಮಾತುಕತೆಯಿಂದ ಇಡೀ ದೇಶದ ಬಗ್ಗೆ ಎಷ್ಟು ಹೇಳಬಹುದು? ಮಂಕೇಕರ್ ಓಣಿಗೆ ಬರುವ ಹೊತ್ತಿಗೆ ‘ಹಮ್ ಲೋಗ್’ ನಿಂತು ಐದು ವರ್ಷ ಕಳೆದಿತ್ತು. ನಡುವೆ ರಾಮಾಯಣ, ಮಹಾಭಾರತ ಬಂದು ಟಿವಿ ನೋಡುವ ರೀತಿಯನ್ನೇ ಬದಲಿಸಿದ್ದವು.

ನೂಡಲ್ಸ್ ಪ್ರಶ್ನೆ

ಧಾರಾವಾಹಿಯ ಪ್ರಾಯೋಜಕರು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ನೂಡಲ್ಸ್‌ನವರು. ಅದರ ಮಾರಾಟ ಏರಿತು. ಜಾಹೀರಾತುದಾರರು ದೂರದರ್ಶನಕ್ಕೆ ಸಾಲು ನಿಂತರು. ಹೆಣ್ಣಿಗೆ ಸ್ವಾತಂತ್ರ್ಯ ತಲುಪಿತೋ ಇಲ್ಲವೋ, ಎರಡು ನಿಮಿಷದ ತಿಂಡಿ ತಲುಪಿತು ಎಂಬುದು ಟಿವಿಯ ವ್ಯಾಪಾರೀಕರಣವನ್ನು ಟೀಕಿಸುವ ನಾಲ್ಕನೆಯ ಪಂಥದ ಕಟಕಿ. ದೂರದರ್ಶನದ ಕಾರ್ಯಕ್ರಮಗಳನ್ನು ಪರಿಶೀಲಿಸಿದ ಪಿ.ಸಿ. ಜೋಶಿ ಸಮಿತಿ ಅದೇ ಹೊತ್ತಿಗೆ ದೂರದರ್ಶನ ನಗರದ ಕೊಳ್ಳುವ ವರ್ಗದ ಕಡೆ ವಾಲುತ್ತಿದೆ ಎಂದು ಎಚ್ಚರಿಸಿತ್ತು. ವಾದ ಸರಿಯೇ. ಆದರೆ ಜಾಹೀರಾತು ಬದಲಿಸಿದ್ದನ್ನು ಕಥೆ ಬದಲಿಸಲಾರದೇ ಎಂದು ಮರುಪ್ರಶ್ನೆ ಕೇಳಿದರೆ ಈ ಪಂಥದ ಬಳಿ ಒಳ್ಳೆಯ ಉತ್ತರವಿಲ್ಲ.

ಹಿಂದಿ ಬಾರದ ಪ್ರೇಕ್ಷಕ

‘ನಾವು’ ಎಂಬ ಹೆಸರಿಟ್ಟುಕೊಂಡ ಧಾರಾವಾಹಿ ಯಾರನ್ನೆಲ್ಲ ಒಳಗೊಂಡಿತ್ತು? ಉತ್ತರದಲ್ಲಿ ಶೇ 65ರಿಂದ 90ರಷ್ಟಿದ್ದ ವೀಕ್ಷಣೆ ದಕ್ಷಿಣದ ದೊಡ್ಡ ನಗರಗಳಲ್ಲಿ ಶೇ 20ರಿಂದ 45ರಷ್ಟು. ನಗರ ಬಿಟ್ಟರೆ ಇನ್ನೂ ಕಡಿಮೆ ಇದ್ದಿರಬೇಕು. ಕರ್ನಾಟಕದಲ್ಲಿ ಗೋಕಾಕ್ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ಬೆಂಗಳೂರು ದೂರದರ್ಶನದ ಕನ್ನಡದ ಹೊತ್ತು ಮುಗಿದು ರಾತ್ರಿ ರಾಷ್ಟ್ರೀಯ ಪ್ರಸಾರ ಶುರುವಾದರೆ ಅಲ್ಲಿಂದಾಚೆ ಹಿಂದಿ, ಇಂಗ್ಲಿಷ್ ಮಾತ್ರ. ಶಂಕರ್ ನಾಗ್ ಆಗುಂಬೆಯಲ್ಲಿ ನಮ್ಮ ನಟರನ್ನೇ ಕಟ್ಟಿಕೊಂಡು ಮಾಡಿದ ‘ಮಾಲ್ಗುಡಿ ಡೇಸ್’ ದೇಶಕ್ಕೆ ತಲುಪಲು ಹಿಂದಿ ಮಾತಾಡಬೇಕಾಯಿತು.

ಹೀಗಿದ್ದೂ ನೋಡಿದ ಕನ್ನಡಿಗರಿದ್ದರು. ಮಾತು ಅರ್ಧ ಹಿಡಿದು, ಉಳಿದದ್ದನ್ನು ಮುಖದಿಂದ, ಅಳುವಿನಿಂದ ಊಹಿಸಿಕೊಂಡು ನೋಡಿದ ಇಂಥ ಪ್ರೇಕ್ಷಕರಿಗೆ ಅಶೋಕ್ ಕುಮಾರ್ ಅವರ ಕೊನೆಯ ವಿವರಣೆಯಿಂದ ಏನು ದಕ್ಕಿತು? ಸೂತ್ರ ಕೆಲಸ ಮಾಡುವುದು ಮಾತಿನಿಂದ ಎಂದಾದರೆ ಇವರಿಗೆ ಅದು ತಲುಪಲೇಬಾರದು. ನೋಟದಿಂದ ಎಂದಾದರೆ ಇವರಿಗೂ ತಲುಪಿರಬೇಕು. ಸಿದ್ಧಾಂತವನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಗುಂಪು ಸಿಗುತ್ತಿರಲಿಲ್ಲ. ಮದ್ರಾಸಿನ ಸಮೀಕ್ಷೆ ಆ ಬಾಗಿಲವರೆಗೆ ಹೋಗಿ ನಿಂತಿತು.

ಅರ್ಥಶಾಸ್ತ್ರಜ್ಞರ ತಿರುವು

ವಾದಕ್ಕೆ ದೊಡ್ಡ ತಿರುವು ಬಂದದ್ದು 2009ರಲ್ಲಿ, ನಿರೀಕ್ಷಿಸದ ದಿಕ್ಕಿನಿಂದ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2001ರಿಂದ 2003ರವರೆಗೆ ತಮಿಳುನಾಡು, ಬಿಹಾರ, ಹರಿಯಾಣ, ಗೋವಾ, ದೆಹಲಿಗಳಲ್ಲಿ ಕುಟುಂಬಗಳನ್ನು ಮತ್ತೆ ಮತ್ತೆ ಭೇಟಿಯಾಗಿ, ಕೇಬಲ್ ಟಿವಿ ಹೊಸದಾಗಿ ಬಂದ ಹಳ್ಳಿಗಳನ್ನು ಬಾರದ ಹಳ್ಳಿಗಳೊಡನೆ ಹೋಲಿಸಿದರು. ಕೇಬಲ್ ಬಂದ ಕಡೆ, ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾದರು, ಗಂಡು ಮಗುವೇ ಬೇಕೆಂಬ ಹಟ ತಗ್ಗಿತು, ಹೆರಿಗೆಗಳೂ ಇಳಿದವು.

ವಿಪರ್ಯಾಸ ನೋಡಿ. ಆ ವರ್ಷಗಳ ಕೇಬಲ್ ಧಾರಾವಾಹಿಗಳಿಗೆ ಯಾವ ಸಮಾಜ ಸುಧಾರಣೆಯ ಸೂತ್ರವೂ ಇರಲಿಲ್ಲ. ಅತ್ತೆ ಸೊಸೆ ಜಗಳ, ಜರತಾರಿ ಸೀರೆ, ಭಾಗವಂತಿಗಿಂತ ಹೆಚ್ಚು ಅಳುವ ನಾಯಕಿಯರು. ಹೆಣ್ಣಿನ ಸ್ಥಾನ ಎತ್ತಲು ಹೊರಟ ‘ಹಮ್ ಲೋಗ್’ ಅಧ್ಯಯನಗಳಲ್ಲಿ ಫಲ ಮಸುಕಾಗಿ ಕಂಡಿತು. ಯಾವ ಉದ್ದೇಶವೂ ಇಲ್ಲದವುಗಳ ಕಾಲದಲ್ಲಿ ಸ್ಪಷ್ಟವಾಗಿ ಕಂಡಿತು. ಬ್ರೆಜಿಲ್‌ನ ಧಾರಾವಾಹಿಗಳ ಬಗ್ಗೆ 2012ರಲ್ಲಿ ಬಂದ ಇನ್ನೊಂದು ಅಧ್ಯಯನವೂ ಪರದೆಯ ಮೇಲಿನ ಚಿಕ್ಕ ಕುಟುಂಬಗಳು ಜನನ ದರದ ಇಳಿಕೆಗೆ ಕೂಡಿ ಬಂದದ್ದನ್ನು ಕಂಡಿತು. ಅಲ್ಲಿಯೂ ಯಾರೂ ಪಾಠ ಮಾಡಿರಲಿಲ್ಲ.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಹೊಳೆಯುವುದು ಇಷ್ಟು. ಪ್ರೇಕ್ಷಕರು ಅನುಸರಿಸಲೆಂದು ಇಟ್ಟ ಪಾತ್ರವನ್ನು ತಮಗೆ ಬೇಕಾದಂತೆ ತೂಗಿ ನೋಡುತ್ತಾರೆ. ಅದರ ಹಿಂದೆ ತಾನಾಗಿ ಬಂದು ಹೋಗುವ ಬದುಕನ್ನು ತಕ್ಕಡಿಗೆ ಹಾಕುವುದೇ ಇಲ್ಲ, ಹಾಗೆಯೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಭಾಗವಂತಿ ಒಳ್ಳೆಯವಳೋ ಅಲ್ಲವೋ ಎಂದು ಮನೆಮನೆಯಲ್ಲಿ ಚರ್ಚೆಯಾಯಿತು. ಅವಳ ಮಗಳು ಬಡ್ಕಿ ದಿನವೂ ಕೆಲಸಕ್ಕೆ ಹೋಗುವುದನ್ನು, ಕಿರಿಯ ಮಗಳು ಛುಟ್ಕಿ ಡಾಕ್ಟರಾಗುತ್ತೇನೆ ಎನ್ನುವುದನ್ನು ಎಷ್ಟು ಹುಡುಗಿಯರು ಚರ್ಚೆಯಿಲ್ಲದೆ ನೋಡಿದರೋ ಯಾವ ಸಮೀಕ್ಷೆಯೂ ಲೆಕ್ಕ ಹಾಕಲಿಲ್ಲ. ಇದು ಊಹೆ ಎಂದು ಒಪ್ಪುತ್ತೇನೆ.

ಇತ್ಯರ್ಥವಾಗದ್ದು

ಮೊದಲನೆಯದು ಕಾರಣದ ಪ್ರಶ್ನೆ. ಆ ದಶಕದಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳು ಹೆಚ್ಚಿದರು, ನಗರಗಳು ಬೆಳೆದವು, ಹೆರಿಗೆಗಳು ಇಳಿಯುತ್ತ ಬಂದವು. ಇದರೊಳಗಿಂದ 156 ಕಂತುಗಳ ಪಾಲನ್ನು ಬೇರ್ಪಡಿಸಲು ದಾರಿಯಿಲ್ಲ. 1984ರಲ್ಲಿ ಪ್ರಸಾರ ಕೇಂದ್ರಗಳು ಒಂದೊಂದು ಊರಿಗೆ ಒಂದೊಂದು ದಿನ ತಲುಪಿದ ಕ್ರಮವನ್ನು ಹಿಡಿದು, ಜೆನ್ಸನ್ ಮತ್ತು ಆಸ್ಟರ್ ಮಾಡಿದಂತೆ ಹೋಲಿಸಿದರೆ ಏನಾದರೂ ಸಿಕ್ಕೀತು. ಆದರೆ ಕೇಂದ್ರದಿಂದ ಬಂದದ್ದು ಒಂದೇ ಧಾರಾವಾಹಿಯಲ್ಲ. ಚಿತ್ರಹಾರ್, ಕ್ರಿಕೆಟ್, ವಾರ್ತೆ ಎಲ್ಲವೂ ಒಟ್ಟಿಗೇ ಬಂದವು.

ಎರಡನೆಯದು ನೆನಪಿನ ಪ್ರಶ್ನೆ. ಇವತ್ತು ‘ಹಮ್ ಲೋಗ್’ ಬಗ್ಗೆ ಕೇಳಿದರೆ ಶುಭ್ರ, ಸರಳ, ಇಡೀ ಮನೆ ಕೂತು ನೋಡಬಹುದಾದದ್ದು ಎಂಬ ಹೊಗಳಿಕೆ ಬರುತ್ತದೆ. ಆಗ ನೋಡುವುದಕ್ಕೆ ಬೇರೆ ವಾಹಿನಿಯೇ ಇರಲಿಲ್ಲ, ಮೊದಲ ಕಂತುಗಳನ್ನು ಜನ ತಿರಸ್ಕರಿಸಿದ್ದರು, ಕುಡುಕ ಅಪ್ಪನ ಮತ್ತು ಸಿನಿಮಾ ಆಸೆಗೆ ಬಿದ್ದು ಶೋಷಣೆಗೆ ಸಿಕ್ಕ ಮಗಳ ಕಥೆ ಅಷ್ಟೇನೂ ಶುಭ್ರವಲ್ಲ ಎಂಬುದು ಈ ಹೊಗಳಿಕೆಯಲ್ಲಿ ಉಳಿದಿಲ್ಲ. ನಂತರ ಬಂದ ಧಾರಾವಾಹಿಗಳ ಮೇಲಿನ ಸಿಟ್ಟೇ ಹಳೆಯದರ ಮೇಲಿನ ಪ್ರೀತಿಯಾಗಿದ್ದರೆ ಅದನ್ನು 1985ರ ಪ್ರೇಕ್ಷಕನ ಅಭಿಪ್ರಾಯ ಎಂದು ಎಣಿಸಬಹುದೇ?

ಮೂರನೆಯದು ಭಾಗವಂತಿಯದೇ. ಆಕೆಯನ್ನು ಮೆಚ್ಚಿಕೊಂಡ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೂ ಅದೇ ಬದುಕು ಬಯಸಿದ್ದರೇ? ತಾನು ಭಾಗವಂತಿಯಂತಿರುವುದರಲ್ಲಿ ಹೆಮ್ಮೆಪಟ್ಟು, ಮಗಳನ್ನು ಬಡ್ಕಿಯಂತೆ ಕೆಲಸಕ್ಕೆ ಕಳಿಸಿದ ತಾಯಂದಿರು ಎಷ್ಟು ಜನ ಇದ್ದಿರಬಹುದು? ಆ ಹೆಂಗಸರಲ್ಲಿ ಹಲವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಕೇಳಬೇಕಾದ ಎರಡನೆಯ ಪ್ರಶ್ನೆಯನ್ನು ಕೇಳಲು ಇನ್ನೂ ಕೆಲವು ವರ್ಷಗಳಷ್ಟೇ ಇವೆ.